ಸಾಸಿವೆ ಗಾತ್ರದ ಗುಂಡು, ಕಂಚಿನ ಬಿಲ್ಲೆ

ಮಡಚುವ ಚಾಕು ಕೊಳ್ಳಲು ಬಂದ ಗಿರಾಕಿ ಇವತ್ತು ಮೊದಲು ನೋಡುವುದು ಅಲಗಿನ ಹರಿತವನ್ನಲ್ಲ. ಹಿಡಿಯ ಬೆನ್ನಿನಿಂದ ಚಾಚಿಕೊಂಡ ಸಣ್ಣ ಕಿವಿಯನ್ನು ತೋರುಬೆರಳಿನಿಂದ ಒತ್ತುತ್ತಾನೆ. ಅಲಗು ‘ಟಕ್’ ಎಂದು ಚಿಮ್ಮಿ ನಿಲ್ಲುತ್ತದೆ. ಬೀಗ ಸಡಿಲಿಸಿದರೆ ತನ್ನ ಭಾರಕ್ಕೇ ಬಿದ್ದು ಮುಚ್ಚಿಕೊಳ್ಳುತ್ತದೆ. ಕೀಲಿನೊಳಗೆ, ಅಲಗಿನ ಎರಡೂ ಬದಿಗೆ ಉಂಗುರದಂತೆ ಜೋಡಿಸಿದ ಸಾಸಿವೆ ಕಾಳಿನ ಗಾತ್ರದ ಬೇರಿಂಗ್ ಗುಂಡುಗಳೇ ಈ ನುಣುಪಿಗೆ ಕಾರಣ. ಗುಂಡುಗಳಿದ್ದರೆ ಚಾಕು ಮೇಲ್ದರ್ಜೆಯದು, ಅವುಗಳ ಜಾಗದಲ್ಲಿ ಚಪ್ಪಟೆ ಲೋಹದ ಬಿಲ್ಲೆ, ಅಂದರೆ ವಾಷರ್ ಇದ್ದರೆ ಹಳೆಯ ಕಾಲದ್ದು ಎಂಬ ಎಣಿಕೆ ಹೀಗೆ ಬೆಳೆದಿದೆ. ಕೆಲಸಕ್ಕೆಂದು ಚಾಕು ಕೊಳ್ಳುವವರ ಮಟ್ಟಿಗೆ ಈ ಎಣಿಕೆ ತಪ್ಪು.

ಏಕೆ ತಪ್ಪು ಎಂಬುದನ್ನು ಸೈಕಲ್ಲು ತಿಳಿಸುತ್ತದೆ. ಜರ್ಮನಿಯ ಶ್ವೈನ್‌ಫರ್ಟ್ ಊರಿನಲ್ಲಿ ಫ್ರೀಡ್ರಿಶ್ ಫಿಷರ್ 1883ರಲ್ಲಿ ಉಕ್ಕಿನ ಗುಂಡುಗಳನ್ನು ಒಂದೇ ಅಳತೆಗೆ ಅರೆಯುವ ಯಂತ್ರ ಕಟ್ಟಿದ. ಆ ಕಾಲದಲ್ಲಿ ಅಂಥ ಗುಂಡುಗಳು ಹೆಚ್ಚಾಗಿ ಬೇಕಾಗಿದ್ದುದು ಸೈಕಲ್ಲಿಗೆ. ಬಿಡುವಿಲ್ಲದೆ ಸುತ್ತುವ ಚಕ್ರಕ್ಕೆ ಬೇರಿಂಗ್‌ನಷ್ಟು ಒಪ್ಪುವ ವಸ್ತು ಇನ್ನೊಂದಿಲ್ಲ. ಆದರೆ ಚಾಕು ಎಷ್ಟು ಸುತ್ತುತ್ತದೆ? ತೆರೆಯಲು ಅರ್ಧ ಸುತ್ತು, ಮುಚ್ಚಲು ಅರ್ಧ ಸುತ್ತು. 28 ಇಂಚಿನ ಸೈಕಲ್ ಚಕ್ರ ಒಂದು ಸುತ್ತಿಗೆ ಸುಮಾರು 2.2 ಮೀಟರ್ ಸಾಗುತ್ತದೆ. ದಿನಕ್ಕೆ ನೂರು ಸಲ ತೆರೆದು ಮುಚ್ಚಿದ ಚಾಕುವಿನ ಓಟ ಆ ಲೆಕ್ಕದಲ್ಲಿ 220 ಮೀಟರ್. ವರ್ಷವಿಡೀ ಹಾಗೇ ಮಾಡಿದರೂ ಸುಮಾರು 80 ಕಿಲೋಮೀಟರ್, ಅಂದರೆ ಬೆಂಗಳೂರಿನಿಂದ ಮದ್ದೂರು ತಲುಪುವಷ್ಟು ದೂರ. ಸೈಕಲ್ಲು ಒಂದೇ ದಿನದಲ್ಲಿ ಮುಗಿಸುವ ದಾರಿ ಅದು.

ಹಾಗಾಗಿ ಚಾಕುವಿನ ಕೀಲನ್ನು ಕೆಡಿಸುವುದು ತಿರುಗಾಟವಲ್ಲ. ಅಲಗು ತೆರೆದು ನಿಂತಿರುವಾಗ ಬೀಳುವ ಅಡ್ಡ ಒತ್ತಡ ಮತ್ತು ಸಂದಿಗೆ ಹೊಕ್ಕುವ ಕೊಳೆ, ಇವೆರಡೇ ಅದರ ಶತ್ರುಗಳು.

ದಪ್ಪ ಹಗ್ಗ ಕೊಯ್ಯುವಾಗ, ಮರದಲ್ಲಿ ಸಿಕ್ಕಿಕೊಂಡ ಅಲಗನ್ನು ತಿರುಚಿ ಎಳೆಯುವಾಗ ಭಾರವೆಲ್ಲ ಕೀಲಿನ ಮೇಲೆ ಬೀಳುತ್ತದೆ. ವಾಷರ್ ಇದ್ದರೆ ಆ ಭಾರ ಬಿಲ್ಲೆಯ ಇಡೀ ಮುಖಕ್ಕೆ ಹಂಚಿಹೋಗುತ್ತದೆ. ಗುಂಡು ತನ್ನ ಆಸನವನ್ನು ಮುಟ್ಟುವುದು ಒಂದು ಚುಕ್ಕೆಯಷ್ಟು ಜಾಗದಲ್ಲಿ ಮಾತ್ರ. ಗುಂಡು ಗಟ್ಟಿ ಉಕ್ಕಿನದು, ರಾಕ್‌ವೆಲ್ ಅಳತೆಯಲ್ಲಿ ಅದರ ಗಡಸುತನ 60ರ ಆಸುಪಾಸು. ದುಬಾರಿ ಚಾಕುಗಳ ಹಿಡಿಗೆ ಬಳಸುವ ಟೈಟಾನಿಯಂ ಮಿಶ್ರಲೋಹದ್ದು ಸುಮಾರು 36. ಇವೆರಡನ್ನೂ ನೇರವಾಗಿ ಎದುರುಬದುರು ಇಟ್ಟರೆ ಸೋಲುವುದು ಟೈಟಾನಿಯಂ. ಗುಂಡು ಹಾಗೇ ಉಳಿಯುತ್ತದೆ, ಅದು ಕೂತ ನೆಲದಲ್ಲಿ ಕುಳಿ ಬೀಳುತ್ತದೆ. ಆಮೇಲೆ ಅಲಗು ಅಕ್ಕಪಕ್ಕ ಅಲ್ಲಾಡತೊಡಗುತ್ತದೆ. ಸ್ವೀಡನ್ನಿನ ಎಂಜಿನಿಯರ್ ಬ್ರಿನೆಲ್ 1900ರಲ್ಲಿ ಲೋಹದ ಗಡಸುತನ ಅಳೆಯುವ ವಿಧಾನವನ್ನು ಜಗತ್ತಿನ ಮುಂದಿಟ್ಟಾಗ ಮಾಡಿದ್ದೂ ಇದನ್ನೇ: ಗಟ್ಟಿ ಗುಂಡೊಂದನ್ನು ಲೋಹದ ಮೇಲೆ ಒತ್ತಿ, ಬಿದ್ದ ಕುಳಿಯ ಅಗಲ ಅಳೆಯುವುದು. ಬೇರಿಂಗ್‌ಗಳಲ್ಲಿ ಬೀಳುವ ಇಂಥ ಕುಳಿಗೆ ಎಂಜಿನಿಯರುಗಳು ಇಂದಿಗೂ ಅವನ ಹೆಸರನ್ನೇ ಬಳಸುತ್ತಾರೆ.

ಬೇರಿಂಗ್‌ನ ಪರವಾಗಿ ಹೇಳಬೇಕಾದ್ದೂ ಇದೆ. ಬಲ್ಲ ತಯಾರಕರು ಗುಂಡುಗಳ ಕೆಳಗೆ ಗಡಸು ಉಕ್ಕಿನ ತೆಳು ಬಳೆಯೊಂದನ್ನು ಕೂರಿಸುತ್ತಾರೆ, ಅಲ್ಲಿಗೆ ಕುಳಿಯ ಭಯ ಬಹುಮಟ್ಟಿಗೆ ಕಳೆಯುತ್ತದೆ. ಕೀಲಿನ ಸ್ಕ್ರೂವನ್ನು ಬಿಗಿಯಾಗಿ ತಿರುಗಿಸಿದರೂ ಅಲಗು ಸರಾಗವಾಗಿ ಆಡುತ್ತದೆ. ಬೆರಳಿನಲ್ಲಿ ಬಲ ಕಡಿಮೆ ಇರುವವರಿಗೆ, ಒಂದೇ ಕೈಯಲ್ಲಿ ತೆರೆಯಬೇಕಾದವರಿಗೆ ಇದು ನಿಜವಾದ ಅನುಕೂಲ.

ಕೊಳೆಯ ವಿಷಯಕ್ಕೆ ಬಂದರೆ ವಾಷರ್ ಮುಂದಿದೆ. ಗುಂಡುಗಳ ನಡುವಿನ ಬಿಡುವುಗಳಲ್ಲಿ ಜೇಬಿನ ನೂಲು, ಮರಳು, ಗಿಡದ ಅಂಟು ಸೇರಿಕೊಂಡು ಗ್ರೀಸಿನೊಂದಿಗೆ ಮುದ್ದೆಯಾಗುತ್ತವೆ. ಮಾವಿಗೋ ಸಪೋಟಕ್ಕೋ ಕಸಿ ಕಟ್ಟುವವರ ಚಾಕುವಿಗೆ ಸೊನೆ, ಮಣ್ಣು ಎರಡೂ ದಿನನಿತ್ಯದ ಮಾತು. ಕರಾವಳಿಯ ಉಪ್ಪು ಗಾಳಿಯಲ್ಲಿ ಮಾಮೂಲು ಬೇರಿಂಗ್ ಉಕ್ಕಿಗೆ ತುಕ್ಕು ಹಿಡಿಯುತ್ತದೆ. ತಾಮ್ರಕ್ಕೆ ತವರ, ಚೂರು ರಂಜಕ ಬೆರೆಸಿದ ಫಾಸ್ಫರ್ ಕಂಚಿನ ವಾಷರ್ ಬಣ್ಣ ಕಂದಬಹುದು, ತುಕ್ಕು ಹಿಡಿಯುವುದಿಲ್ಲ. ಬಳಸುತ್ತ ಹೋದಂತೆ ಅಲಗಿಗೂ ವಾಷರಿಗೂ ಹೊಂದಿಕೆ ಬಂದು ಕೀಲು ಇನ್ನಷ್ಟು ನಯವಾಗುತ್ತದೆ.

ಅಮೆರಿಕದ ಐಡಹೋದಲ್ಲಿ ತಯಾರಾಗುವ ಕ್ರಿಸ್ ರೀವ್ ಕಂಪನಿಯ ‘ಸೆಬೆಂಜಾ’ ಚಾಕು 1990ರ ದಶಕದ ಆರಂಭದಿಂದ ಮಾರುಕಟ್ಟೆಯಲ್ಲಿದೆ. ಜುಲು ಭಾಷೆಯಲ್ಲಿ ಆ ಹೆಸರಿನ ಅರ್ಥ ಕೆಲಸ. ಬೇರಿಂಗ್ ಮೋಹ ಎಷ್ಟೇ ಹಬ್ಬಿದರೂ ಆ ಚಾಕು ಫಾಸ್ಫರ್ ಕಂಚಿನ ದೊಡ್ಡ ವಾಷರುಗಳನ್ನು ಬಿಟ್ಟಿಲ್ಲ. ಗ್ರೀಸ್ ಹಿಡಿದಿಡಲೆಂದು ಅವುಗಳಲ್ಲಿ ಸಣ್ಣ ತೂತುಗಳನ್ನೂ ಕೊರೆದಿದ್ದಾರೆ. ಇನ್ನೂ ಸರಳವಾದದ್ದು ಫ್ರಾನ್ಸಿನ ಸವೋಯ್ ಪ್ರಾಂತ್ಯದ ಓಪಿನೆಲ್. 1890ರಲ್ಲಿ ಹುಟ್ಟಿದ ಈ ಚಾಕುವಿನಲ್ಲಿ ಗುಂಡೂ ಇಲ್ಲ, ವಾಷರೂ ಇಲ್ಲ. ಕೀಲೆಂದರೆ ಮರದ ಹಿಡಿ, ಉಕ್ಕಿನ ಪಟ್ಟಿ, ಒಂದು ರಿವೆಟ್, ಅಷ್ಟೇ. ಮಳೆಗೆ ಮರ ಉಬ್ಬಿ ಅಲಗು ಬಿಗಿದುಕೊಂಡರೆ ಸವೋಯ್‌ನವರು ಹಿಡಿಯ ತುದಿಯನ್ನು ಗಟ್ಟಿ ಜಾಗಕ್ಕೆ ಕುಟ್ಟಿ ಅಲಗನ್ನು ಹೊರಗೆ ತರುತ್ತಾರೆ.

ರಿಪೇರಿಯ ಮಾತನ್ನು ಮರೆಯುವಂತಿಲ್ಲ. ವಾಷರ್ ಚಾಕುವನ್ನು ಬಿಚ್ಚಿ, ಒರೆಸಿ, ಒಂದು ಹನಿ ಎಣ್ಣೆ ಬಿಟ್ಟು ಕೂಡಿಸುವುದಕ್ಕೆ ಹತ್ತು ನಿಮಿಷ ಸಾಕು. ಪಂಜರವಿಲ್ಲದ ಬಿಡಿ ಗುಂಡುಗಳ ಚಾಕು ಬಿಚ್ಚಿದವರು ನೆಲದ ಮೇಲೆ ಸಾಸಿವೆ ಹೆಕ್ಕಬೇಕಾಗುತ್ತದೆ. ವಾಷರ್ ಸವೆದರೆ ಅದನ್ನಷ್ಟೇ ಬದಲಿಸಿದರಾಯಿತು. ಗುಂಡು ಕೊರೆದ ಕುಳಿ ಹಿಡಿಯಲ್ಲೇ ಬಿದ್ದಿದ್ದರೆ ಬದಲಿಸುವುದು ಏನನ್ನು?

ಗುಂಡೋ ವಾಷರೋ ಎಂಬ ಈ ಪ್ರಶ್ನೆಗೆ ಅಮೆರಿಕದ ಓಹಿಯೋದ ಚಾಕು ತಯಾರಕ ರಿಕ್ ಹಿಂಡರರ್ ಒಂದು ಒಳ್ಳೆಯ ದಾರಿ ತೋರಿಸಿದ್ದಾರೆ. ಅವರ ಎಕ್ಸ್‌ಎಂ-18 ಚಾಕುವಿನ ‘ಟ್ರೈ-ವೇ’ ಕೀಲಿನಲ್ಲಿ ಬೇರಿಂಗನ್ನೂ ಕೂರಿಸಬಹುದು, ಕಂಚಿನ ವಾಷರನ್ನೂ ಕೂರಿಸಬಹುದು. ಆಯ್ಕೆ ಬಳಸುವವರದು. ಉಳಿದ ತಯಾರಕರು ಅಷ್ಟು ದೂರ ಹೋಗದಿದ್ದರೂ ಕೀಲಿನಲ್ಲಿ ಏನಿದೆ, ಗುಂಡುಗಳ ಕೆಳಗೆ ಗಡಸು ಬಳೆ ಇದೆಯೇ ಎಂಬುದನ್ನು ಪೆಟ್ಟಿಗೆಯ ಮೇಲೆ ಅಚ್ಚು ಹಾಕಲೇಬೇಕು. ಹಿಡಿಯ ಬಣ್ಣವನ್ನು ಅಷ್ಟು ದೊಡ್ಡ ಅಕ್ಷರದಲ್ಲಿ ಬರೆಯುವವರಿಗೆ ಇದೊಂದು ಸಾಲು ಭಾರವಲ್ಲ. ಪೆಟ್ಟಿಗೆಯೊಳಗೆ ಒಂದು ಜೊತೆ ಬದಲಿ ವಾಷರನ್ನೂ ಇಟ್ಟುಕೊಡಲಿ.