ದುಬಾರಿ ಪಿಚರನ್ನು ಬಿಟ್ಟುಕೊಟ್ಟರೆ ತಂಡಕ್ಕೆ ನಿಜಕ್ಕೂ ದುಡ್ಡು ಉಳಿಯುತ್ತದೆಯೇ?

2023ರ ಡಿಸೆಂಬರ್ 30ರಂದು ಅಮೆರಿಕದ ಬಾಸ್ಟನ್ ರೆಡ್ ಸಾಕ್ಸ್ ಬೇಸ್‌ಬಾಲ್ ತಂಡ ತನ್ನ ಹಿರಿಯ ಪಿಚರ್ ಕ್ರಿಸ್ ಸೇಲ್ ಅವರನ್ನು ಅಟ್ಲಾಂಟಾ ಬ್ರೇವ್ಸ್ ತಂಡಕ್ಕೆ ಬಿಟ್ಟುಕೊಟ್ಟಿತು. ಸೇಲ್ ಅವರಿಗೆ ಆಗ 34 ವರ್ಷ. ಮುಂದಿನ ವರ್ಷಕ್ಕೆ ಅವರಿಗೆ ಸಲ್ಲಬೇಕಿದ್ದ ಸಂಬಳ 2.75 ಕೋಟಿ ಡಾಲರ್. ಬದಲಿಗೆ ಬಾಸ್ಟನ್‌ಗೆ ಬಂದದ್ದು ವಾನ್ ಗ್ರಿಸಮ್ ಎಂಬ 22 ವರ್ಷದ ಹುಡುಗ. ಇಂಥ ಸುದ್ದಿ ಕೇಳಿದಾಗ ನಮಗೆಲ್ಲ ಥಟ್ಟನೆ ಅನ್ನಿಸುವುದು ಒಂದೇ: ವಯಸ್ಸಾಯಿತು, ಮೇಲಿಂದ ಮೇಲೆ ಗಾಯ, ಸಂಬಳ ಬೇರೆ ವಿಪರೀತ, ಸಾಗಹಾಕಿ ದುಡ್ಡು ಉಳಿಸಿಕೊಂಡರು.

ಆದರೆ ಆ ವ್ಯವಹಾರದಲ್ಲಿ ಇನ್ನೊಂದು ಸಂಗತಿಯೂ ಇತ್ತು. ಸೇಲ್ ಅವರ ಜೊತೆಗೆ ಬಾಸ್ಟನ್ 1.7 ಕೋಟಿ ಡಾಲರ್ ನಗದನ್ನೂ ಅಟ್ಲಾಂಟಾಕ್ಕೆ ಕೊಟ್ಟಿತು. ಅಂದರೆ ತನ್ನ ಆಟಗಾರ ಬೇರೆ ತಂಡದ ಅಂಗಿ ತೊಟ್ಟು ಆಡಲು ತಾನೇ ಅರ್ಧಕ್ಕಿಂತ ಹೆಚ್ಚು ಸಂಬಳ ಕಟ್ಟಿತು. ಇದೆಂಥ ಉಳಿತಾಯ?

ಬೇಸ್‌ಬಾಲ್ ಪರಿಚಯವಿಲ್ಲದವರಿಗೆ ಎರಡು ಮಾತು. ಪಿಚರ್ ಎಂದರೆ ಚೆಂಡು ಎಸೆಯುವವನು, ನಮ್ಮ ಕ್ರಿಕೆಟ್ಟಿನ ಬೌಲರ್ ಇದ್ದ ಹಾಗೆ. ವ್ಯತ್ಯಾಸವೆಂದರೆ ಪಂದ್ಯ ಶುರು ಮಾಡುವ ಪಿಚರ್ ಒಬ್ಬನೇ ಒಂದೇ ಸಮನೆ ಸುಮಾರು 90–100 ಎಸೆತ ಎಸೆಯುತ್ತಾನೆ, ಆಮೇಲೆ ನಾಲ್ಕೈದು ದಿನ ವಿಶ್ರಾಂತಿ. ಗಾಯವಿಲ್ಲದೆ ಇಡೀ ಋತು ಆಡಿದವನು 30ಕ್ಕೂ ಹೆಚ್ಚು ಪಂದ್ಯ ಶುರು ಮಾಡುತ್ತಾನೆ. ಒಂಬತ್ತು ಇನ್ನಿಂಗ್ಸ್‌ಗೆ ಸರಾಸರಿ ಎಷ್ಟು ರನ್ ಬಿಟ್ಟುಕೊಟ್ಟ ಎಂಬುದು ಅವನ ಮುಖ್ಯ ಅಳತೆ. ಇದನ್ನು ಇಆರ್‌ಎ ಎನ್ನುತ್ತಾರೆ. ಅದು 3ಕ್ಕಿಂತ ಕೆಳಗಿದ್ದರೆ ತುಂಬಾ ಒಳ್ಳೆಯದು, 5 ದಾಟಿದರೆ ಕಷ್ಟ.

ಸಂಬಳ ಎಲ್ಲಿಗೂ ಹೋಗುವುದಿಲ್ಲ

ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ಒಪ್ಪಂದ ಎಂದರೆ ಒಪ್ಪಂದ. ಆಟಗಾರ ಗಾಯಗೊಂಡು ಮನೆಯಲ್ಲಿ ಕೂತರೂ, ತಂಡ ಅವನನ್ನು ಕೈಬಿಟ್ಟರೂ, ಒಪ್ಪಿದ ಮೊತ್ತ ಪೂರ್ತಿ ಸಲ್ಲಲೇಬೇಕು. ಹಾಗಾಗಿ ದುಬಾರಿ ಆಟಗಾರನ ಭಾರ ಇಳಿಸಿಕೊಳ್ಳುವ ದಾರಿ ಹೆಚ್ಚುಕಡಿಮೆ ಒಂದೇ: ಆ ಒಪ್ಪಂದವನ್ನು ಹೊರಲು ಒಪ್ಪುವ ಇನ್ನೊಂದು ತಂಡವನ್ನು ಹುಡುಕುವುದು. ಆ ತಂಡಕ್ಕೂ ಲೆಕ್ಕ ಬರುತ್ತದೆ. "ಅಷ್ಟು ಸಂಬಳ ಈ ವಯಸ್ಸಿನವರಿಗೆ ಹೆಚ್ಚಾಯಿತು, ಅರ್ಧ ನೀವು ಕೊಡಿ" ಎನ್ನುತ್ತದೆ. ಇಲ್ಲವೇ "ಪೂರ್ತಿ ನಾವೇ ಕೊಡುತ್ತೇವೆ, ಆದರೆ ಬದಲಿಗೆ ಒಳ್ಳೆಯ ಹುಡುಗರನ್ನು ಕೇಳಬೇಡಿ" ಎನ್ನುತ್ತದೆ. ಹಣ ಕಡಿಮೆ ಕೊಟ್ಟರೆ ಪ್ರತಿಭೆ ಕಡಿಮೆ ಸಿಗುತ್ತದೆ, ಹೆಚ್ಚು ಕೊಟ್ಟರೆ ಹೆಚ್ಚು.

ಬಾಸ್ಟನ್ ಕಟ್ಟಿದ 1.7 ಕೋಟಿಯನ್ನು ಹೀಗೆ ನೋಡಿದರೆ ಅರ್ಥವಾಗುತ್ತದೆ. ಲೀಗಿಗೆ ಹೊಸದಾಗಿ ಬಂದ ಆಟಗಾರರು ಮೊದಲ ಕೆಲವು ವರ್ಷ ಕನಿಷ್ಠ ವೇತನದ ಆಸುಪಾಸಿನಲ್ಲೇ ಆಡಬೇಕು. 2024ರಲ್ಲಿ ಆ ಕನಿಷ್ಠ ವೇತನ 7.4 ಲಕ್ಷ ಡಾಲರ್. ಗ್ರಿಸಮ್ ಅಂಥವರಲ್ಲಿ ಒಬ್ಬರು. ಹಲವು ವರ್ಷ ಅಗ್ಗಕ್ಕೆ ಆಡಿಸಬಹುದಾದ ಹುಡುಗನಿಗೆ ಬಾಸ್ಟನ್ ಮುಂಗಡ ಕೊಟ್ಟಿತು ಎನ್ನಬಹುದು. ಸಂಬಳ ಮಾಯವಾಗಲಿಲ್ಲ, ರೂಪ ಬದಲಿಸಿತು.

ಹಾಗಿದ್ದರೂ ತಂಡಗಳು ವೇತನದ ಮೊತ್ತ ಇಳಿಸಲು ಇಷ್ಟು ಪಾಡು ಪಡುವುದೇಕೆ? ಇಲ್ಲಿ ತೆರಿಗೆಯ ವಿಷಯ ಬರುತ್ತದೆ. ನಮ್ಮ ಐಪಿಎಲ್‌ನಲ್ಲಿ ಪ್ರತಿ ತಂಡಕ್ಕೂ ಇಂತಿಷ್ಟೇ ಎಂಬ ಗಟ್ಟಿ ಮಿತಿ ಇದೆ. 2023ರ ನವೆಂಬರ್‌ನಲ್ಲಿ ಮುಂಬೈ ಇಂಡಿಯನ್ಸ್ ತಂಡ ಹಾರ್ದಿಕ್ ಪಾಂಡ್ಯ ಅವರನ್ನು ಕರೆತರಲು ಜಾಗ ಮಾಡಿಕೊಳ್ಳಬೇಕಾಗಿ ಬಂದು ಕ್ಯಾಮರೂನ್ ಗ್ರೀನ್ ಅವರನ್ನು 17.5 ಕೋಟಿ ರೂಪಾಯಿಗೆ ನಮ್ಮ ಆರ್‌ಸಿಬಿಗೆ ಬಿಟ್ಟುಕೊಟ್ಟಿದ್ದು ನೆನಪಿರಬಹುದು. ಬೇಸ್‌ಬಾಲ್‌ನಲ್ಲಿ ಅಂಥ ಗಟ್ಟಿ ಮಿತಿ ಇಲ್ಲ. ಒಂದು ಗೆರೆ ಇದೆ, ಅದನ್ನು ದಾಟಬಹುದು, ದಾಟಿದರೆ ದಂಡ. ಇದರ ಅಧಿಕೃತ ಹೆಸರು ಸ್ಪರ್ಧಾ ಸಮತೋಲನ ತೆರಿಗೆ. ಜನ ಕರೆಯುವುದು ಲಕ್ಷುರಿ ಟ್ಯಾಕ್ಸ್ ಎಂದು. 2024ರಲ್ಲಿ ಗೆರೆ ಇದ್ದದ್ದು 23.7 ಕೋಟಿ ಡಾಲರ್‌ಗೆ. ಮೊದಲ ವರ್ಷ ದಾಟಿದರೆ ಮೀರಿದ ಮೊತ್ತದ ಮೇಲೆ ಶೇ. 20, ಸತತ ಎರಡನೇ ವರ್ಷ ಶೇ. 30, ಮೂರನೇ ವರ್ಷದಿಂದ ಶೇ. 50. ತುಂಬಾ ಮೀರಿದರೆ ಇದರ ಮೇಲೆ ಇನ್ನೂ ದಂಡ. ಒಂದು ವರ್ಷ ಗೆರೆಯ ಕೆಳಗೆ ಬಂದರೆ ಎಣಿಕೆ ಮತ್ತೆ ಮೊದಲಿನಿಂದ ಶುರು.

ಸತತ ಮೂರನೇ ವರ್ಷ ಗೆರೆಯ ಆಚೆ ಇರುವ ತಂಡಕ್ಕೆ 3 ಕೋಟಿ ಡಾಲರ್ ಸಂಬಳದ ಒಬ್ಬ ಪಿಚರ್ ನಿಜದಲ್ಲಿ ಬೀಳುವುದು 4.5 ಕೋಟಿಗೆ. ಅದೇ ಪಿಚರ್ ಗೆರೆಯ ಕೆಳಗಿರುವ ತಂಡಕ್ಕೆ 3 ಕೋಟಿಗೇ ಸಿಗುತ್ತಾನೆ. ಒಂದೇ ವಸ್ತುವಿಗೆ ಎರಡು ಅಂಗಡಿಯಲ್ಲಿ ಎರಡು ಬೆಲೆ ಇದ್ದರೆ ವ್ಯಾಪಾರ ಹುಟ್ಟಿಕೊಳ್ಳುತ್ತದೆ. ಈ ವ್ಯವಹಾರಗಳಿಗೆ ಅರ್ಧ ಕಾರಣ ಪಿಚರ್‌ನ ತೋಳಿನಲ್ಲಿಲ್ಲ, ಲೀಗಿನ ನಿಯಮ ಪುಸ್ತಕದಲ್ಲಿದೆ.

ಬಾಸ್ಟನ್ನಿನದೇ ಹಳೆಯ ಉದಾಹರಣೆ ನೋಡಿ. 2015ರ ಡಿಸೆಂಬರ್‌ನಲ್ಲಿ ಡೇವಿಡ್ ಪ್ರೈಸ್ ಎಂಬ ಪಿಚರ್ ಜೊತೆ ಅದು ಏಳು ವರ್ಷಕ್ಕೆ 21.7 ಕೋಟಿ ಡಾಲರ್ ಒಪ್ಪಂದ ಮಾಡಿಕೊಂಡಿತ್ತು. 2018 ಮತ್ತು 2019, ಎರಡೂ ವರ್ಷ ತಂಡ ತೆರಿಗೆಯ ಗೆರೆ ದಾಟಿತು. 2020ರಲ್ಲಿ ಹೇಗಾದರೂ ಮಾಡಿ 20.8 ಕೋಟಿಯ ಗೆರೆಯೊಳಗೆ ಬರಬೇಕಿತ್ತು. ಪ್ರೈಸ್ ಅವರಿಗೆ ಆಗ 34, ಇನ್ನೂ ಮೂರು ವರ್ಷದ 9.6 ಕೋಟಿ ಬಾಕಿ. ಅವರೊಬ್ಬರನ್ನೇ ಕೊಡುತ್ತೇವೆಂದರೆ ಕೊಳ್ಳುವವರು ಸುಲಭಕ್ಕೆ ಸಿಗುವಂತಿರಲಿಲ್ಲ. ಕಹಿ ಮದ್ದಿನ ಜೊತೆ ಬೆಲ್ಲ ಕೊಡುವಂತೆ, 2018ರ ಅತ್ಯುತ್ತಮ ಆಟಗಾರ ಪ್ರಶಸ್ತಿ ಗೆದ್ದಿದ್ದ ಮೂಕಿ ಬೆಟ್ಸ್ ಅವರನ್ನೂ ಸೇರಿಸಿ ಲಾಸ್ ಏಂಜಲೀಸ್ ಡಾಜರ್ಸ್‌ಗೆ ಒಪ್ಪಿಸಿತು. ಪ್ರೈಸ್ ಅವರ ಬಾಕಿಯಲ್ಲಿ ಅರ್ಧವನ್ನು ಬಾಸ್ಟನ್ನೇ ಹೊತ್ತುಕೊಂಡಿತು. ಬೆಟ್ಸ್ ಅವರ ಒಪ್ಪಂದದಲ್ಲೂ ಒಂದೇ ವರ್ಷ ಉಳಿದಿತ್ತು, ಆಮೇಲೆ ಅವರನ್ನು ಉಳಿಸಿಕೊಳ್ಳಲು ದೊಡ್ಡ ಮೊತ್ತವೇ ಬೇಕಿತ್ತು ಎಂಬುದೂ ನಿಜ. ತೆರಿಗೆಯ ಎಣಿಕೆಯೇನೋ ಮೊದಲಿಗೆ ಮರಳಿತು. ಆದರೆ ಡಾಜರ್ಸ್ ಅದೇ ವರ್ಷ ವರ್ಲ್ಡ್ ಸೀರೀಸ್ ಗೆದ್ದಿತು, ಬೆಟ್ಸ್ ಅಲ್ಲೇ 12 ವರ್ಷಕ್ಕೆ ಸಹಿ ಹಾಕಿದರು. ಇದರ ಬಗ್ಗೆ ನಮ್ಮ ಅಭಿಪ್ರಾಯ ಕೇಳಿದರೆ, ವೇತನ ಪಟ್ಟಿ ಚೊಕ್ಕ ಮಾಡಲು ಹೋಗಿ ಮನೆಯ ಒಡವೆ ಮಾರಿದ ಹಾಗಾಯಿತು.

ತೋಳು ಏಕೆ ನಂಬಿಕಸ್ಥ ಅಲ್ಲ?

ಇಷ್ಟಾದರೂ ಎಲ್ಲ ಬಿಟ್ಟು ಹಿರಿಯ ಪಿಚರ್‌ನ ಒಪ್ಪಂದವೇ ಏಕೆ ಎಲ್ಲರಿಗೂ ಭಯ ಹುಟ್ಟಿಸುತ್ತದೆ? ಉತ್ತರ ಮೊಣಕೈಯಲ್ಲಿದೆ.

ವೇಗದ ಎಸೆತದಲ್ಲಿ ಭುಜ ಸೆಕೆಂಡಿಗೆ ಸುಮಾರು 7000 ಡಿಗ್ರಿ ವೇಗದಲ್ಲಿ ತಿರುಗುತ್ತದೆ. ಅದೇ ವೇಗದಲ್ಲಿ ತಿರುಗುತ್ತಲೇ ಇರಲು ಸಾಧ್ಯವಾಗಿದ್ದರೆ ಒಂದು ಸೆಕೆಂಡಿನಲ್ಲಿ 19 ಸುತ್ತು! ಮನುಷ್ಯನ ದೇಹದ ಅತಿ ವೇಗದ ಚಲನೆಗಳಲ್ಲಿ ಇದೂ ಒಂದು. ಹೀಗೆ ತಿರುಗುವ ಮುನ್ನ ತೋಳು ಹಿಂದಕ್ಕೆ ಬಾಗಿದಾಗ ಮೊಣಕೈಯ ಒಳಬದಿಗೆ ಭಾರಿ ಎಳೆತ ಬೀಳುತ್ತದೆ. ಅಲ್ಲಿ ತೋಳಿನ ಮೂಳೆಯನ್ನೂ ಮುಂಗೈ ಮೂಳೆಯನ್ನೂ ಬಿಗಿದಿಡುವ ಪುಟ್ಟ ನಾರಿನ ಪಟ್ಟಿಯೊಂದಿದೆ. ವೈದ್ಯರು ಅದನ್ನು ಅಲ್ನರ್ ಕೊಲ್ಯಾಟರಲ್ ಲಿಗಮೆಂಟ್ ಎನ್ನುತ್ತಾರೆ. ಪ್ರಯೋಗಾಲಯದ ಅಳತೆಗಳ ಪ್ರಕಾರ ವೃತ್ತಿಪರ ಪಿಚರ್‌ನ ಮೊಣಕೈ ತಡೆಯಬೇಕಾದ ತಿರುಚುಬಲ ಸುಮಾರು 64 ನ್ಯೂಟನ್ ಮೀಟರ್. ಮೃತದೇಹಗಳ ಮೊಣಕೈ ಮೇಲೆ ಪರೀಕ್ಷಿಸಿದಾಗ ಈ ಪಟ್ಟಿ ಅದರ ಅರ್ಧದಷ್ಟು ಬಲಕ್ಕೇ ಹರಿಯಿತು. ಹಾಗಾದರೆ ಪ್ರತಿ ಎಸೆತಕ್ಕೂ ಹರಿಯಬೇಕಿತ್ತಲ್ಲ? ಹರಿಯದಿರಲು ಕಾರಣ ಸುತ್ತಲಿನ ಸ್ನಾಯುಗಳು. ಅವು ಬಿಗಿಯಾಗಿ ಭಾರವನ್ನು ಹಂಚಿಕೊಳ್ಳುತ್ತವೆ. ಸ್ನಾಯು ದಣಿದರೆ ಎಳೆತವೆಲ್ಲ ಪಟ್ಟಿಗೆ. ವರ್ಷಗಟ್ಟಲೆ ಇದೇ ನಡೆದರೆ ಸಣ್ಣ ಸಣ್ಣ ಹರಕುಗಳು ಕೂಡುತ್ತಾ ಹೋಗುತ್ತವೆ.

ಒಮ್ಮೆ ಪೂರ್ತಿ ಹರಿದರೆ 1974ಕ್ಕೆ ಮುಂಚೆ ಆಟ ಮುಗಿದ ಹಾಗೆಯೇ. ಆ ವರ್ಷ ಡಾ. ಫ್ರಾಂಕ್ ಜೋಬ್ ಅವರು ಟಾಮಿ ಜಾನ್ ಎಂಬ ಪಿಚರ್‌ನ ಮುಂಗೈಯಿಂದ ಸ್ನಾಯುರಜ್ಜು ತೆಗೆದು ಮೊಣಕೈಯಲ್ಲಿ ಪಟ್ಟಿಯ ಜಾಗಕ್ಕೆ ಹೆಣೆದರು. ಜಾನ್ 1976ರಲ್ಲಿ ಮರಳಿ ಬಂದು 1989ರವರೆಗೆ, 46ರ ವಯಸ್ಸಿನವರೆಗೆ ಆಡಿದರು. ಶಸ್ತ್ರಚಿಕಿತ್ಸೆಗೆ ಇಂದಿಗೂ ಅವರದೇ ಹೆಸರು. ಇದರಿಂದ ತೋಳಿಗೆ ಮೊದಲಿಗಿಂತ ಹೆಚ್ಚು ಶಕ್ತಿ ಬರುತ್ತದೆ ಎಂಬ ನಂಬಿಕೆ ಅಮೆರಿಕದಲ್ಲಿ ಹರಡಿದೆ, ಅದು ನಿಜವಲ್ಲ. ಮರಳಿದವರು ಚೆನ್ನಾಗಿ ಎಸೆದರೆ ಅದಕ್ಕೆ ಒಂದು ವರ್ಷಕ್ಕೂ ಮಿಕ್ಕಿದ ವಿಶ್ರಾಂತಿ ಮತ್ತು ಶ್ರದ್ಧೆಯ ವ್ಯಾಯಾಮವೇ ಕಾರಣ.

ಇನ್ನು ವಯಸ್ಸು. ಸರಾಸರಿಯಾಗಿ ನೋಡಿದರೆ ಪಿಚರ್‌ಗಳ ಎಸೆತದ ವೇಗ ಮೂವತ್ತು ದಾಟಿದ ಮೇಲೆ ಇಳಿಯುತ್ತದೆ, ಇದರಲ್ಲಿ ಅನುಮಾನವಿಲ್ಲ. "ಹಾಗೇನಿಲ್ಲ, ನೋಲನ್ ರಯಾನ್ 44ನೇ ವಯಸ್ಸಿನಲ್ಲಿ ಎದುರಾಳಿಗೆ ಒಂದೂ ಹಿಟ್ ಕೊಡದೆ ಪಂದ್ಯ ಮುಗಿಸಲಿಲ್ಲವೇ" ಎಂದು ಕೇಳುವವರಿದ್ದಾರೆ. 1991ರಲ್ಲಿ ಅವರು ಮಾಡಿದ್ದು ನಿಜ. ಆದರೆ ನಲವತ್ತರಲ್ಲೂ ಕಣದಲ್ಲಿ ಕಾಣುವವರು ಸೋಸಿ ಉಳಿದವರು. ಮೂವತ್ತೆರಡಕ್ಕೇ ತೋಳು ಕೈಕೊಟ್ಟು ಮನೆಗೆ ಹೋದವರು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ.

ಸರಾಸರಿ ಬೇರೆ, ಸೇಲ್ ಬೇರೆ

ಬಾಸ್ಟನ್‌ಗೆ ಸೇಲ್ ಸುಮ್ಮನೆ ಒಬ್ಬ ಪಿಚರ್ ಅಲ್ಲ. 2018ರ ವರ್ಲ್ಡ್ ಸೀರೀಸ್‌ನ ಕೊನೆಯ ಔಟ್ ಪಡೆದವರು ಅವರೇ. ಮರುವರ್ಷ ತಂಡ ಅವರಿಗೆ ಐದು ವರ್ಷಕ್ಕೆ 14.5 ಕೋಟಿ ಡಾಲರ್ ಬರೆದುಕೊಟ್ಟಿತು. ಅಲ್ಲಿಂದ ಗ್ರಹಚಾರ ಶುರುವಾಯಿತು. 2020ರಲ್ಲಿ ಟಾಮಿ ಜಾನ್ ಶಸ್ತ್ರಚಿಕಿತ್ಸೆ. 2022ರಲ್ಲಿ ಪಕ್ಕೆಲುಬು ಬಿರುಕು. ವಾಸಿಯಾಗಿ ಬಂದ ಕೆಲವೇ ದಿನಕ್ಕೆ ಬ್ಯಾಟರ್ ಹೊಡೆದ ಚೆಂಡು ಬಡಿದು ಎಡಗೈ ಕಿರುಬೆರಳು ಮುರಿಯಿತು. ಅದು ವಾಸಿಯಾಗುವ ಮುಂಚೆ ಸೈಕಲ್‌ನಿಂದ ಬಿದ್ದು ಬಲ ಮಣಿಕಟ್ಟು. 2023ರಲ್ಲಿ ಭುಜ. ನಾಲ್ಕು ವರ್ಷದಲ್ಲಿ ಒಟ್ಟು 31 ಪಂದ್ಯ, ಅಂದರೆ ಒಂದು ಋತುವಿನ ಕೆಲಸ.

ಈ ಪಟ್ಟಿಯನ್ನು ಮತ್ತೊಮ್ಮೆ ನೋಡಿ. ಇದರಲ್ಲಿ ತೋಳಿನ ಸವೆತಕ್ಕೆ ಸೇರಿದ್ದು ಎಷ್ಟು? ಮೊಣಕೈ ಖಂಡಿತ, ಭುಜವೂ ಬಹುಶಃ. ಆದರೆ ಚೆಂಡು ಬಡಿದ ಬೆರಳು, ಸೈಕಲ್ಲಿನ ಬೀಳಾಟ ಇವೆಲ್ಲ ಯಾರಿಗಾದರೂ ಆಗಬಹುದಾದವು, ಇಪ್ಪತ್ತೆರಡರ ಹುಡುಗನಿಗೂ. ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕಿ "ಇವರದು ಗಾಯದ ದೇಹ" ಎಂದರೆ ಕೇಳಲು ಸರಿ ಅನ್ನಿಸುತ್ತದೆ, ಲೆಕ್ಕ ಮಾತ್ರ ತಪ್ಪುತ್ತದೆ.

ಅಟ್ಲಾಂಟಾ ಅವರನ್ನು ಕರೆಸಿಕೊಂಡ ಕೆಲವೇ ದಿನಗಳಲ್ಲಿ ಎರಡು ವರ್ಷಕ್ಕೆ 3.8 ಕೋಟಿ ಡಾಲರ್‌ನ ಹೊಸ ಒಪ್ಪಂದ ಮಾಡಿಕೊಂಡಿತು. ಸರಿಸುಮಾರು ಅದೇ ಹೊತ್ತಿಗೆ ಬಾಸ್ಟನ್ ಲೂಕಸ್ ಜೊಲಿಟೊ ಎಂಬ 29 ವರ್ಷದ ಪಿಚರ್‌ಗೆ ಎರಡು ವರ್ಷಕ್ಕೆ 3.85 ಕೋಟಿ ಕೊಟ್ಟಿತು. ಹೆಚ್ಚುಕಡಿಮೆ ಒಂದೇ ದುಡ್ಡು, ವಯಸ್ಸಿನಲ್ಲಿ ಐದು ವರ್ಷ ಚಿಕ್ಕವರು. ಕಾಗದದ ಮೇಲೆ ಯಾರಾದರೂ ಜೊಲಿಟೊ ಕಡೆಗೇ ಕೈ ತೋರಿಸುತ್ತಿದ್ದರು.

2024ರ ಮಾರ್ಚ್‌ನಲ್ಲಿ, ಋತು ಶುರುವಾಗುವ ಮೊದಲೇ, ಜೊಲಿಟೊ ಅವರ ಮೊಣಕೈ ಶಸ್ತ್ರಚಿಕಿತ್ಸೆ ಆಯಿತು. ಆ ವರ್ಷ ಅವರು ಒಂದು ಪಂದ್ಯವನ್ನೂ ಆಡಲಿಲ್ಲ. ಗ್ರಿಸಮ್ ಕೂಡ ಗಾಯಗೊಂಡು ಬರೀ 31 ಪಂದ್ಯ ಆಡಿದರು. ಸೇಲ್? 18 ಗೆಲುವು, 3 ಸೋಲು, 2.38 ಇಆರ್‌ಎ, 225 ಸ್ಟ್ರೈಕ್‌ಔಟ್. ಈ ಮೂರರಲ್ಲೂ ನ್ಯಾಷನಲ್ ಲೀಗಿಗೆ ಅವರೇ ಮೊದಲಿಗರು. ವರ್ಷದ ಶ್ರೇಷ್ಠ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಅವರ ವೃತ್ತಿಯಲ್ಲೇ ಮೊದಲ ಸಲ ಬಂದದ್ದು ಆಗ.

ಹಾಗಾದರೆ ಬಾಸ್ಟನ್ ಮಾಡಿದ್ದು ದಡ್ಡತನವೇ? ಹೌದು ಎನ್ನುವುದು ಸುಲಭ, ಏಕೆಂದರೆ ಫಲಿತಾಂಶ ನಮಗೆ ಗೊತ್ತು. 2023ರ ಡಿಸೆಂಬರ್‌ನಲ್ಲಿ ಕುಳಿತವರಿಗೆ ಗೊತ್ತಿದ್ದದ್ದು ಸಾಧ್ಯತೆಗಳು ಮಾತ್ರ. ಅದೇ ವರ್ಷದ ಆಗಸ್ಟ್‌ನಲ್ಲಿ ನ್ಯೂಯಾರ್ಕ್ ಮೆಟ್ಸ್ 40 ವರ್ಷದ ಜಸ್ಟಿನ್ ವರ್ಲ್ಯಾಂಡರ್ ಅವರನ್ನು ಹ್ಯೂಸ್ಟನ್‌ಗೆ ಕಳಿಸಿತ್ತು. ಅವರು ಹಿಂದಿನ ವರ್ಷವಷ್ಟೇ ಸೈ ಯಂಗ್ ಗೆದ್ದವರು. ಮೆಟ್ಸ್ ಸುಮಾರು 3.5 ಕೋಟಿ ಡಾಲರ್ ಜೊತೆಗೆ ಕೊಟ್ಟು ಇಬ್ಬರು ಎಳೆಯ ಆಟಗಾರರನ್ನು ಪಡೆಯಿತು. 2024ರಲ್ಲಿ ವರ್ಲ್ಯಾಂಡರ್ ಗಾಯದಿಂದಾಗಿ 17 ಪಂದ್ಯಕ್ಕೆ ಇಳಿದರು, ಇಆರ್‌ಎ 5.48ಕ್ಕೆ ಏರಿತು. ಒಂದೇ ಬಗೆಯ ತೀರ್ಮಾನ, ಒಂದೇ ವರ್ಷ, ಎರಡು ತದ್ವಿರುದ್ಧ ಫಲ. ವಯಸ್ಸಿನ ಸರಾಸರಿ ನೂರು ಪಿಚರ್‌ಗಳ ಗುಂಪಿನ ಬಗ್ಗೆ ಸರಿಯಾಗಿಯೇ ಹೇಳುತ್ತದೆ. ಎದುರಿಗೆ ನಿಂತ ಒಬ್ಬನ ಮೊಣಕೈ ಬಗ್ಗೆ ಅದು ಹೇಳುವುದು ಬಹಳ ಕಡಿಮೆ. ತಂಡಗಳು ಈ ವ್ಯವಹಾರದಲ್ಲಿ ಕೈ ಬದಲಿಸುವುದು ಆ ಅನಿಶ್ಚಿತತೆಯನ್ನೇ. ಹೊರುವ ತಾಕತ್ತು ಇರುವವರು ಅದನ್ನು ಅಗ್ಗಕ್ಕೆ ಕೊಳ್ಳುತ್ತಾರೆ.

ಆಟಗಾರನಿಗೆ ಇದರಲ್ಲಿ ದನಿಯೇ ಇಲ್ಲವೇ ಎಂದರೆ, ಹಿರಿಯರಿಗೆ ಇದೆ. ಮೇಜರ್ ಲೀಗಿನಲ್ಲಿ ಹತ್ತು ವರ್ಷ ಆಡಿ, ಕೊನೆಯ ಐದು ವರ್ಷ ಒಂದೇ ತಂಡದಲ್ಲಿದ್ದರೆ ತನ್ನ ಒಪ್ಪಿಗೆ ಇಲ್ಲದೆ ಬೇರೆ ತಂಡಕ್ಕೆ ಕಳಿಸುವಂತಿಲ್ಲ ಎಂದು ನಿಯಮವಿದೆ. ಸೇಲ್ ಬೇಡ ಎಂದಿದ್ದರೆ ವ್ಯವಹಾರ ಅಲ್ಲಿಗೇ ನಿಲ್ಲುತ್ತಿತ್ತು, ಅವರು ಒಪ್ಪಿದರು. 2025ರಲ್ಲೂ ಅವರ ಇಆರ್‌ಎ 3ರ ಕೆಳಗೇ ಇತ್ತು. ಆ ವರ್ಷ ಜೂನ್‌ನಲ್ಲಿ ಮಾತ್ರ ಚೆಂಡು ಹಿಡಿಯಲು ಹಾರಿ ಬಿದ್ದು ಪಕ್ಕೆಲುಬು ಮುರಿದುಕೊಂಡು ಕೆಲವು ವಾರ ಹೊರಗೆ ಕೂತರು. ಎಸೆಯುವ ತೋಳಿಗೆ ಏನೂ ಆಗಿರಲಿಲ್ಲ.