ಹುಣ್ಣಿಗೆ ಬೇಕು ಹದವಾದ ತೇವ

ಮಧುಮೇಹಿಗಳ ಕಾಲಿನ ಹುಣ್ಣನ್ನು ಒಣಗಿಸಬೇಕೆಂಬ ನಂಬಿಕೆ ನಮ್ಮ ರಾಯಚೂರು ಸೀಮೆಯಲ್ಲಿ ಆಳವಾಗಿ ಬೇರೂರಿದೆ. ಗಾಳಿಗೆ ತೆರೆದಿಡುವುದು, ಅರಿಸಿನ ಮೆತ್ತುವುದು, ಕೆಲವೊಮ್ಮೆ ಶ್ರದ್ಧೆಯಿಂದ ವಿಭೂತಿಯನ್ನೇ ಉದುರಿಸುವುದೂ ಉಂಟು. ವಿಭೂತಿಯ ಸ್ಥಾನ ಹಣೆಯೇ ಹೊರತು ತೆರೆದ ಹುಣ್ಣಲ್ಲ. ಈ ಮಾತನ್ನು ಮಠದ ಪತ್ರಿಕೆಯಲ್ಲಿಯೇ ಹೇಳುವುದು ಉಚಿತವೆಂದು ನಾವು ಭಾವಿಸುತ್ತೇವೆ.

ಹೆಕ್ಕಳೆ ಕಟ್ಟಿದ ಗಾಯಕ್ಕಿಂತ ಹದವಾದ ತೇವವಿರುವ ಗಾಯ ಬೇಗ ಮಾಯುತ್ತದೆಂಬುದನ್ನು ಜಾರ್ಜ್ ವಿಂಟರ್ ಎಂಬ ವಿಜ್ಞಾನಿ 1962ರಲ್ಲಿಯೇ ಹಂದಿಗಳ ಮೇಲಿನ ಪ್ರಯೋಗದಿಂದ ತೋರಿಸಿಕೊಟ್ಟರು. ಹೊಸ ಚರ್ಮದ ಕೋಶಗಳು ತೇವದ ಮೇಲೆ ಸರಾಗವಾಗಿ ಸರಿಯುತ್ತವೆ. ಹೆಕ್ಕಳೆಯಿದ್ದರೆ ಅದರಡಿ ದಾರಿ ಮಾಡಿಕೊಳ್ಳಬೇಕಾಗುತ್ತದೆ. ಹೈಡ್ರೋಜೆಲ್ ಪಟ್ಟಿಯ ಮೂಲತತ್ತ್ವವೂ ಇದೇ. ನೀರನ್ನು ಹಿಡಿದಿಟ್ಟುಕೊಳ್ಳುವ ಪಾಲಿಮರ್ ಜಾಲವದು. ಒಣಗಿದ ಗಾಯಕ್ಕೆ ತೇವ ನೀಡಿ, ಸತ್ತ ಅಂಗಾಂಶವನ್ನು ಮೆತ್ತಗಾಗಿಸುತ್ತದೆ. ಬಿಚ್ಚುವಾಗ ಒಣ ಗಾಜ್ ಬಟ್ಟೆಯಂತೆ ಹೊಸ ಚರ್ಮವನ್ನು ಕಿತ್ತು ತರುವುದಿಲ್ಲ.

ಹಾಗೆಂದು ಇದು ಸಂಜೀವಿನಿಯಲ್ಲ. 446 ರೋಗಿಗಳನ್ನೊಳಗೊಂಡ 5 ಅಧ್ಯಯನಗಳನ್ನು ಪರಿಶೀಲಿಸಿದ 2013ರ ಕಾಕ್ರೇನ್ ಸಮೀಕ್ಷೆಯು, ಆಳವಲ್ಲದ ಹುಣ್ಣುಗಳಿಗೆ ಸಾಧಾರಣ ಪಟ್ಟಿಗಿಂತ ಇದು ಮೇಲಿರಬಹುದೆಂದಿತಾದರೂ ಆಧಾರ ಗಟ್ಟಿಯಿಲ್ಲವೆಂದೂ ಎಚ್ಚರಿಸಿತು. ಹೆಚ್ಚು ಒಸರುವ ಗಾಯಕ್ಕೆ ಕಟ್ಟಿದರೆ ಸುತ್ತಲಿನ ಚರ್ಮ ನೆನೆದು ಕೆಡುತ್ತದೆ. ಕೀವಿದ್ದರೆ, ಪಾದಕ್ಕೆ ರಕ್ತದ ಹರಿವು ಕುಂದಿದ್ದರೆ, ಮೊದಲು ಅವುಗಳಿಗೆ ಚಿಕಿತ್ಸೆಯಾಗಬೇಕು. ಔಷಧದ ಅಂಗಡಿಯಿಂದ ತಂದು ತಾವೇ ಸವರಿಕೊಳ್ಳುವುದು ಸರ್ವಥಾ ಸಲ್ಲದು.

ಎಲ್ಲಕ್ಕಿಂತ ಮುಖ್ಯವಾದುದು ಹುಣ್ಣಿನ ಮೇಲೆ ದೇಹದ ಭಾರ ಬೀಳದಿರುವುದು. ಯಾವ ಜೆಲ್ಲೂ ಇದಕ್ಕೆ ಬದಲಾಗದು. ಮಾನ್ವಿಯ ಭತ್ತದ ಗದ್ದೆಯಲ್ಲಿ ಬರಿಗಾಲಲ್ಲಿ ದುಡಿಯುವವರಿಗೆ, ಯುಗಾದಿಯ ಮುನ್ನ ಶ್ರೀಶೈಲಕ್ಕೆ ಸುಡುಬಿಸಿಲಲ್ಲಿ ನಡೆದುಹೋಗುವವರಿಗೆ ಪಾದ ಜೋಮು ಹಿಡಿದಿದ್ದರೆ ಮುಳ್ಳು ಚುಚ್ಚಿದ್ದೂ ಬೊಬ್ಬೆ ಎದ್ದಿದ್ದೂ ತಿಳಿಯುವುದಿಲ್ಲ. ಪಾದಪೂಜೆಯ ಪರಂಪರೆ ನಮ್ಮದು. ಸ್ವಂತ ಅಂಗಾಲನ್ನು ಮಾತ್ರ ನಾವು ತಿರುಗಿಸಿ ನೋಡುವುದಿಲ್ಲ! ಜೋಮುಗಾಲಿನ ಮಧುಮೇಹಿಗಳನ್ನು ಬರಿಗಾಲಿನ ಹರಕೆಯಿಂದ ಮನೆಯ ಹಿರಿಯರೂ ಮಠಗಳೂ ಬಿಡುಗಡೆ ಮಾಡಬೇಕು. ಅದರಿಂದ ಭಕ್ತಿಗೆ ಕುಂದಿಲ್ಲ.

ಸರ್ಕಾರಕ್ಕೂ ನಮ್ಮದೊಂದು ಮಾತಿದೆ. ಮತ್ತೆ ಮತ್ತೆ ಪಟ್ಟಿ ಬದಲಿಸಬೇಕಾದ ರೋಗಿಯು ದೇವದುರ್ಗದಿಂದ ರಾಯಚೂರಿನ ರಿಮ್ಸ್ ಆಸ್ಪತ್ರೆಗೆ ಅದೇ ಹುಣ್ಣಿನ ಕಾಲನ್ನೂರಿಕೊಂಡು ಅಲೆಯುವುದು ಚಿಕಿತ್ಸೆಗೇ ವಿರುದ್ಧ. ದೇವದುರ್ಗ, ಮಾನ್ವಿಯ ತಾಲ್ಲೂಕು ಆಸ್ಪತ್ರೆಗಳಲ್ಲಿಯೇ ತೇವದ ಪಟ್ಟಿಗಳೂ ಅದನ್ನು ಕಟ್ಟಲು ತರಬೇತಾದ ದಾದಿಯರೂ ಇರಬೇಕು. ಪಾದದ ಸ್ಪರ್ಶಜ್ಞಾನವನ್ನು ಪರೀಕ್ಷಿಸಲು ಒಂದು ನೈಲಾನ್ ಎಳೆ ಸಾಕು. ಅದಕ್ಕೆ ಹಿಡಿಯುವುದು ಕೆಲವೇ ನಿಮಿಷ. ಮುಂದಿನ ಸಲ ಸಕ್ಕರೆ ಪರೀಕ್ಷೆಗೆ ಹೋದಾಗ ಸದ್ಭಕ್ತರು ಅದನ್ನೂ ಕೇಳಿ ಮಾಡಿಸಿಕೊಳ್ಳಲಿ.