ಮೇಷ್ಟ್ರು, ಮೇಸ್ತ್ರಿ ಮತ್ತು ಮಜೂರಿ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದು ನಮ್ಮ ಹಿರಿಯರು ಎಚ್ಚರಿಕೆಯ ಮಾತನ್ನು ಹೇಳಿಹೋದರು. ಕಟ್ಟಿದ ಮನೆಯನ್ನು ಕಾಪಾಡಿ ನೋಡು ಎಂಬ ಮೂರನೆಯ ಮಾತನ್ನೂ ಅವರು ಸೇರಿಸಬಹುದಾಗಿತ್ತು. ಕಟ್ಟುವ ಕಷ್ಟ ಒಂದೆರಡು ವರ್ಷಗಳದು. ಕಾಪಾಡುವ ಕಷ್ಟ ಜೀವಮಾನದ್ದು. ನಲ್ಲಿ ತೊಟ್ಟಿಕ್ಕುತ್ತದೆ, ಬಾಗಿಲು ಮಳೆಗೆ ಊದಿಕೊಳ್ಳುತ್ತದೆ, ಫ್ಯಾನು ನಡುಬೇಸಗೆಯಲ್ಲಿ ಮುನಿಸಿಕೊಳ್ಳುತ್ತದೆ, ಬಚ್ಚಲ ನೀರು ಹೋಗಬೇಕಾದ ದಾರಿಯಲ್ಲಿ ಹೋಗದೆ ಹಿಂದಕ್ಕೆ ಬರುತ್ತದೆ. ಆಗ ಗೃಹಸ್ಥನ ಬಾಯಿಂದ ಹೊರಡುವ ಮೊದಲನೆಯ ಪ್ರಶ್ನೆ ‘ಏನು ಕೆಟ್ಟಿದೆ?’ ಎಂಬುದಲ್ಲ, ‘ಎಷ್ಟು ಕೇಳುತ್ತಾನೋ?’ ಎಂಬುದು. ಈ ಪ್ರಶ್ನೆಯನ್ನು ಕುರಿತು ನಾವು ಬೀದಿಯಲ್ಲಿ ಗೊಣಗುವುದುಂಟೇ ಹೊರತು ಕುಳಿತು ಆಲೋಚಿಸುವುದು ಕಡಮೆ.

ಹಿಂದಿನವರಿಗೆ ಆ ಮೂರನೆಯ ಮಾತು ಹೊಳೆಯದಿದ್ದುದಕ್ಕೆ ಕಾರಣವಿಲ್ಲದಿಲ್ಲ. ಹಳ್ಳಿಯ ಬಾಳಿನಲ್ಲಿ ದುರಸ್ತಿ ಎಂಬುದು ಬೇರೆಯಾದೊಂದು ಖರ್ಚಿನ ಬಾಬಾಗಿರಲಿಲ್ಲ. ಬಡಗಿ, ಕಮ್ಮಾರ, ಅಗಸ, ನೀರುಗಂಟಿ ಮೊದಲಾದವರು ಊರಿನ ಆಯಗಾರರು. ವರ್ಷವಿಡೀ ನೇಗಿಲನ್ನೋ ಬಾಗಿಲನ್ನೋ ಸರಿಪಡಿಸಿಕೊಟ್ಟ ಬಡಗಿಗೆ ಸುಗ್ಗಿಯಲ್ಲಿ ಕಣದ ರಾಶಿಯಿಂದ ಆಯ ಸಲ್ಲುತ್ತಿತ್ತು. ಒಂದೊಂದು ಕೆಲಸಕ್ಕೆ ಒಂದೊಂದು ಬೆಲೆ ಕಟ್ಟುವ ಪದ್ಧತಿಯಿಲ್ಲದ್ದರಿಂದ ಚೌಕಾಸಿಗೆ ಎಡೆಯಿರಲಿಲ್ಲ. ಮಳೆಗಾಲಕ್ಕೆ ಮುಂಚೆ ನಾಡಹೆಂಚನ್ನು ಕೈಯಾಡಿಸುವುದು, ಹಬ್ಬಕ್ಕೆ ಮುಂಚೆ ಗೋಡೆಗೆ ಸುಣ್ಣ ಬಳಿಯುವುದು, ಇಂಥವಕ್ಕೆ ಮನೆಯವರೇ ಕೈಹಾಕುತ್ತಿದ್ದರು. ಹಾಗೆಂದು ಆ ಕಾಲವನ್ನು ಹೊಗಳಿ ಹಾಡಬೇಕಾಗಿಲ್ಲ. ಆಯದ ಪ್ರಮಾಣವನ್ನು ರೂಢಿ ಗೊತ್ತುಮಾಡುತ್ತಿತ್ತು. ಆ ರೂಢಿಯನ್ನು ಪ್ರಶ್ನಿಸುವ ಬಲ ಪಡೆಯುವವನಿಗೆ ಇರಲಿಲ್ಲ. ಬೆಳೆ ಹೋದ ವರ್ಷ ರಾಶಿಯೊಡನೆ ಆಯವೂ ಕರಗುತ್ತಿತ್ತು. ಬಡಗಿಯ ಮಗ ಬಡಗಿಯೇ ಆಗಬೇಕೆಂಬ ಕಟ್ಟು ಬೇರೆ.

ಕಾಲಕ್ರಮದಲ್ಲಿ ಮನೆಯೇ ಬದಲಾಯಿತು. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದರು. ಮನೆಯ ಮಾಡಿಗೆ ಕಾರ್ಖಾನೆಯ ಮಾಲು ಏರಿತು. 1905ರಲ್ಲಿ ಬೆಂಗಳೂರಿನ ಬೀದಿಗೆ ವಿದ್ಯುದ್ದೀಪ ಬಂದಿತು. ಆಮೇಲೆ ಅದು ಮನೆಯೊಳಕ್ಕೂ ಬಂದಿತು. ನಲ್ಲಿ, ಸಂಪು, ಪಂಪು, ಗೀಸರು ಒಂದರ ಹಿಂದೊಂದು ಕಾಲಿಟ್ಟವು. ಇವುಗಳಲ್ಲಿ ಒಂದು ಕೆಟ್ಟರೂ ಮನೆಯ ಯಜಮಾನನಿಗೆ ಅದರ ಮರ್ಮ ತಿಳಿಯದು. ತನ್ನ ಮನೆಯಲ್ಲಿ ತಾನೇ ಅನಕ್ಷರಸ್ಥನಾಗಿ ನಿಂತಿರುವಾಗ, ಓದಬಲ್ಲವನೊಬ್ಬ ಚೀಲ ತೂಗುಹಾಕಿಕೊಂಡು ಬಾಗಿಲಿಗೆ ಬರುತ್ತಾನೆ.

ಇಂದು ಅವನಿಗೆ ಏನು ಕೊಡಬೇಕಾದೀತು? ಊರಿಂದ ಊರಿಗೆ, ಕೈಯಿಂದ ಕೈಗೆ ದರ ಬೇರೆ. ಬೆಂಗಳೂರಿನಲ್ಲಿ ಹೆಚ್ಚು, ಜಿಲ್ಲೆಯ ಊರುಗಳಲ್ಲಿ ಅದಕ್ಕಿಂತ ಕಡಮೆ. ಆದರೂ ನಮ್ಮ ಕಡೆಯ ನಗರಗಳಲ್ಲಿ ಕೇಳಿಬರುವುದು ಸುಮಾರಾಗಿ ಹೀಗೆ: ನಲ್ಲಿಯ ವಾಷರನ್ನೋ ನಲ್ಲಿಯನ್ನೋ ಬದಲಿಸುವುದಕ್ಕೆ ಸಾಮಾನಿನ ಬೆಲೆಯಲ್ಲದೆ 200ರಿಂದ 350 ರೂಪಾಯಿ, ಒಂದು ಸ್ವಿಚ್ಚನ್ನು ಬದಲಿಸುವುದಕ್ಕೆ 100ರಿಂದ 200, ಫ್ಯಾನು ತೂಗುಹಾಕುವುದಕ್ಕೆ 200ರಿಂದ 350, ಕಟ್ಟಿಕೊಂಡ ಬಚ್ಚಲ ಕೊಳವೆಯನ್ನು ಬಿಡಿಸುವುದಕ್ಕೆ 400ರಿಂದ 1,000, ತಾರಸಿಯ ಮೇಲಣ ನೀರಿನ ಟ್ಯಾಂಕನ್ನು ತೊಳೆಯುವುದಕ್ಕೆ 600ರಿಂದ 1,500. ದಿನಗೂಲಿಯ ಮೇಲೆ ಬರುವ ಬಡಗಿ, ಗಾರೆಯವರು, ಬಣ್ಣದವರು 900ರಿಂದ 1,300 ರೂಪಾಯಿಯವರೆಗೆ ಕೇಳುತ್ತಾರೆ. ಕೈಯಾಳಿಗೆ ಅದರ ಮೂರರಲ್ಲಿ ಎರಡು ಪಾಲು. ತಾರಸಿ ಸೋರುವುದಕ್ಕೆ ಮಾತ್ರ ಯಾರೂ ನೋಡದೆ ಬೆಲೆ ಹೇಳಲಾರರು, ಹೇಳಿದರೆ ನಂಬಬಾರದು. ನೀರು ಇಳಿಯುವ ಬಾಯಿ ಒಂದು ಕಡೆ, ಗೋಡೆಯಲ್ಲಿ ಕಲೆ ಮೂಡುವುದು ಇನ್ನೊಂದು ಕಡೆ.

ಈ ಅಂಕಿಗಳನ್ನು ನೋಡಿ ‘ದುಬಾರಿ’ ಎನ್ನುವವರೇ ಬಹುಮಂದಿ. ಹೀಗೆನ್ನುವವರು ಅಳೆಯುವುದು ಗಡಿಯಾರದಿಂದ. ನನ್ನ ಸಹೋದ್ಯೋಗಿಯೊಬ್ಬರ ಮನೆಯಲ್ಲಿ ನಡೆದ ಮಾತು ಇದು. ‘ಹತ್ತು ನಿಮಿಷದ ಕೆಲಸಕ್ಕೆ ಮುನ್ನೂರು ರೂಪಾಯಿಯೇನಪ್ಪ?’ ಎಂದರು ಅವರು. ನಲ್ಲಿ ರಿಪೇರಿಗೆ ಬಂದಿದ್ದಾತ ನಗುತ್ತ, ‘ಹಂಗಾದ್ರೆ ತಿರುಗಾ ಬಿಚ್ಚಿ ಒಂದು ಗಂಟೆ ಕೂತ್ಕೊಂಡು ಹಾಕ್ಲಾ ಸಾರ್?’ ಎಂದ. ಬೇಗ ಮುಗಿಸಿದ್ದಕ್ಕಾಗಿ ಕಡಮೆ ಕೊಡುವುದೆಂದರೆ ನಿಪುಣತೆಗೆ ದಂಡ ಹಾಕಿದಂತೆ. ವೈದ್ಯರು ಐದು ನಿಮಿಷದಲ್ಲಿ ರೋಗವನ್ನು ಕಂಡುಹಿಡಿದರೆ ‘ಎಂಥ ಕೈಗುಣ!’ ಎಂದು ಕೊಂಡಾಡಿ ಹಣವನ್ನು ಎಣಿಸುತ್ತೇವೆ; ನಲ್ಲಿಯ ರೋಗವನ್ನು ಐದು ನಿಮಿಷದಲ್ಲಿ ಕಂಡುಹಿಡಿದವನಿಗೆ ಅದೇ ಗುಣ ಅಪರಾಧವಾಗುತ್ತದೆ.

ಅವನ ದಿನದ ಲೆಕ್ಕವನ್ನು ಒಮ್ಮೆ ಹಾಕಿ ನೋಡಬೇಕು. ದಿನಕ್ಕೆ ನಾಲ್ಕು ಮನೆ, ಮನೆಗೆ 300 ರೂಪಾಯಿ ಎಂದು ಹಿಡಿದರೆ 1,200 ಆಯಿತು. ಪೆಟ್ರೋಲು, ಚಹಾ, ಸವೆದುಹೋಗುವ ಸಲಕರಣೆ ಎಂದು 200 ಕಳೆದರೆ ಉಳಿದದ್ದು 1,000. ತಿಂಗಳಿಗೆ 22 ದಿನ ಇಂಥ ಕೆಲಸ ಸಿಕ್ಕಿದರೆ 22,000 ರೂಪಾಯಿ. ನಾಲ್ಕು ಮನೆ ದಿನವೂ ಸಿಕ್ಕುವುದಿಲ್ಲ. ಕರೆದವರ ಮನೆಗೆ ಬೀಗ ಬಿದ್ದಿರುವ ದಿನವುಂಟು. ಬೇಕಾದ ಸಾಮಾನು ಅಂಗಡಿಯಲ್ಲಿಲ್ಲದ ದಿನವುಂಟು. ‘ಸುಮ್ಮನೆ ನೋಡಿ ಹೇಳಿ ಹೋಗು’ ಎನ್ನುವ ಮನೆಗಳಂತೂ ಬೇಕಾದಷ್ಟು. ನಮಗಿರುವ ಸಾಂದರ್ಭಿಕ ರಜೆ, ಗಳಿಕೆ ರಜೆಗಳು ಅವನಿಗಿಲ್ಲ. ಜ್ವರ ಬಂದ ದಿನ ಸಂಪಾದನೆಯೂ ಮಲಗುತ್ತದೆ. ನಾವು ಕೊಡುವ 300 ರೂಪಾಯಿಯಲ್ಲಿ ಆ ಹತ್ತು ನಿಮಿಷದ ಜೊತೆಗೆ ಈ ಖಾಲಿ ಹೊತ್ತುಗಳ ಬೆಲೆಯೂ ಸೇರಿರಬೇಕಾಗುತ್ತದೆ.

ಹಾಗಿದ್ದರೆ ಈ ಹಣ ಕೊಡುವಾಗ ಮಾತ್ರ ನಮ್ಮ ಕೈ ಏಕೆ ಹಿಂದೆಗೆಯುತ್ತದೆ? ಕನ್ನಡ ಪಾಠ ಹೇಳುವವನಾದ ನನಗೆ ಇದರ ಉತ್ತರ ನಮ್ಮ ಶಬ್ದಗಳಲ್ಲಿಯೇ ಅಡಗಿರುವಂತೆ ತೋರುತ್ತದೆ. ದುಡಿಮೆಗೆ ಪ್ರತಿಯಾಗಿ ಹಣ ಕೊಡುವುದೆಂಬ ಕ್ರಿಯೆ ಒಂದೇ. ಅದಕ್ಕೆ ನಾವು ಇಟ್ಟ ಹೆಸರುಗಳೆಷ್ಟು! ಅಧ್ಯಾಪಕನಿಗೆ ವೇತನ, ವಕೀಲರಿಗೆ ಶುಲ್ಕ, ಪುರೋಹಿತರಿಗೆ ದಕ್ಷಿಣೆ, ಲೇಖಕನಿಗೆ ಸಂಭಾವನೆ, ಅತಿಥಿ ಉಪನ್ಯಾಸಕನಿಗೆ ಗೌರವಧನ. ಮನೆಯ ಗೋಡೆಯನ್ನು ನಿಲ್ಲಿಸುವವನಿಗೆ ಮಾತ್ರ ಕೂಲಿ. ಶುಲ್ಕವನ್ನು ಯಾರೂ ಚೌಕಾಸಿ ಮಾಡುವುದಿಲ್ಲ. ದಕ್ಷಿಣೆಯನ್ನು ಕಡಮೆ ಮಾಡಿದರೆ ಪಾಪದ ಭಯ. ಕೂಲಿಯನ್ನು ಕಡಮೆ ಮಾಡಿದವನು ಮಾತ್ರ ಮನೆಯಲ್ಲಿ ಜಾಣನೆನಿಸುತ್ತಾನೆ. ಹೆಸರು ಬದಲಾದೊಡನೆ ಮರ್ಯಾದೆಯೂ ಬದಲಾಯಿತು.

ಇದೇ ಶಬ್ದಲೋಕದಲ್ಲಿ ಒಂದು ಸೋಜಿಗವೂ ಇದೆ. ಕಲ್ಲು ಗಾರೆಯ ಕೆಲಸದ ಮುಖ್ಯಸ್ಥನನ್ನು ನಾವು ‘ಮೇಸ್ತ್ರಿ’ ಎನ್ನುತ್ತೇವೆ. ಅದು ಪೋರ್ಚುಗೀಸರ ‘ಮೆಸ್ತ್ರೆ’ ಎಂಬ ಮಾತಿನಿಂದ ಬಂದದ್ದು. ಪಾಠ ಹೇಳುವವನನ್ನು ‘ಮೇಷ್ಟ್ರು’ ಎನ್ನುತ್ತೇವೆ. ಅದು ಇಂಗ್ಲಿಷಿನ ‘ಮಾಸ್ಟರ್’. ಎರಡಕ್ಕೂ ಮೂಲ ಲ್ಯಾಟಿನ್ನಿನ ‘ಮ್ಯಾಜಿಸ್ಟರ್’ ಎಂಬ ಒಂದೇ ಶಬ್ದ; ಅದರ ಅರ್ಥ ಒಡೆಯ, ಗುರು. ಒಂದೇ ತಾಯಿಯ ಎರಡು ಮಕ್ಕಳು ಬೇರೆ ಬೇರೆ ಹಡಗುಗಳನ್ನೇರಿ ನಮ್ಮ ನಾಡಿಗೆ ಬಂದಿಳಿದವು. ಒಬ್ಬನ ಕೈಗೆ ಸೀಮೆಸುಣ್ಣ, ಇನ್ನೊಬ್ಬನ ಕೈಗೆ ಕರಣೆ. ನಾವು ಒಬ್ಬನಿಗೆ ಕುರ್ಚಿ ಕೊಟ್ಟೆವು. ಇನ್ನೊಬ್ಬನನ್ನು ಜಗಲಿಯಲ್ಲಿ ನಿಲ್ಲಿಸಿದೆವು. ಕಾಯಕವನ್ನೇ ಪೂಜೆಯ ಎತ್ತರಕ್ಕೆ ಏರಿಸಿದ ಹನ್ನೆರಡನೆಯ ಶತಮಾನದ ಶರಣರನ್ನು ತರಗತಿಯಲ್ಲಿ ಬೋಧಿಸುತ್ತೇವೆ. ಮನೆಗೆ ಬಂದ ಕಾಯಕದವನಿಗೆ ಕುಡಿಯುವ ನೀರನ್ನು ಬೇರೆ ಲೋಟದಲ್ಲಿ ಕೊಡುವ ಮನೆಗಳು ಇಂದಿಗೂ ಇಲ್ಲವೆ?

ಇಷ್ಟೆಲ್ಲ ಹೇಳಿದ್ದರಿಂದ ಕೆಲಸಗಾರರೆಲ್ಲ ಹರಿಶ್ಚಂದ್ರರೆಂದು ವಾದಿಸಿದಂತಲ್ಲ. ಆಯ್ದಕ್ಕಿ ಮಾರಯ್ಯನು ಎಂದಿಗಿಂತ ಹೆಚ್ಚಾಗಿ ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಿನದನ್ನು ತಂದಲ್ಲಿಗೇ ಸುರಿದು ಬರಲು ಲಕ್ಕಮ್ಮ ಹೇಳಿದ ಕಥೆ ಪ್ರಸಿದ್ಧವಾದದ್ದು. ಆ ಮಾತು ಕೆಲಸ ಮಾಡುವವರಿಗೂ ಅನ್ವಯಿಸುತ್ತದೆ. ವಾಷರು ಸಾಕಾದಲ್ಲಿ ನಲ್ಲಿಯನ್ನೇ ಬದಲಿಸಬೇಕೆನ್ನುವವರು, ಕೆಪಾಸಿಟರು ಹೋದ ಫ್ಯಾನಿಗೆ ಮೋಟಾರೇ ಸುಟ್ಟಿದೆಯೆನ್ನುವವರು, ಮುಂಗಡ ಹಿಡಿದು ಮಾಯವಾಗುವವರು ಇದ್ದಾರೆ. ಆದರೆ ಗಮನಿಸಬೇಕಾದ ಸಂಗತಿಯೊಂದಿದೆ. ಮೋಸ ಸಾಮಾನ್ಯವಾಗಿ ಮಜೂರಿಯಲ್ಲಿ ಅಡಗಿರುವುದಿಲ್ಲ, ಸಾಮಾನಿನಲ್ಲಿ ಅಡಗಿರುತ್ತದೆ. ಮಜೂರಿಯನ್ನು ಹಿಂಡಿ ಹಿಂಡಿ ಇಳಿಸಿದ ಮನೆಯಲ್ಲಿ, ಬಾಯಲ್ಲಿ ಒಪ್ಪಿಕೊಂಡ ನಷ್ಟವನ್ನು ಅಂಗಡಿಯ ಚೀಟಿಯಲ್ಲಿ ತುಂಬಿಕೊಳ್ಳುವ ಆಸೆ ಕೆಲಸಗಾರನಿಗೆ ಹುಟ್ಟಿದರೆ, ಆ ಆಸೆಯ ಬೀಜ ಬಿತ್ತಿದವರಲ್ಲಿ ಯಜಮಾನನೂ ಒಬ್ಬ.

ಇದಕ್ಕೆ ಮದ್ದು ಚೌಕಾಸಿಯಲ್ಲ, ಕರಾರು. ಬಂದು ನೋಡುವುದಕ್ಕೆ ಎಷ್ಟು, ಕೈಕೆಲಸಕ್ಕೆ ಎಷ್ಟು, ಸಾಮಾನಿಗೆ ಎಷ್ಟು ಎಂದು ಮೂರನ್ನೂ ಬಿಡಿಸಿ ಮೊದಲೇ ಕೇಳಬೇಕು. ಸಾಮಾನನ್ನು ತಾವೇ ತರಬಹುದು, ಇಲ್ಲವೆ ಅಂಗಡಿಯ ರಸೀತಿಯನ್ನು ಕೇಳಬಹುದು. ತೆಗೆದ ಹಳೆಯ ಬಿಡಿಭಾಗವನ್ನು ತೋರಿಸೆನ್ನುವುದು ಸಂಶಯವಲ್ಲ, ರೀತಿ. ದೊಡ್ಡ ಕೆಲಸವಾದರೆ ಇಬ್ಬರನ್ನು ವಿಚಾರಿಸಬೇಕು. ಅತಿ ಕಡಮೆ ಹೇಳಿದವನನ್ನು ಏಕೆ ಕಡಮೆ ಎಂದೂ ವಿಚಾರಿಸಬೇಕು. ಹಣವನ್ನು ಕೆಲಸದ ಹಂತ ನೋಡಿ ಕೊಡಬೇಕು. ಕೊನೆಯ ಕಂತನ್ನು ನೀರು ಬಿಟ್ಟು ಪರೀಕ್ಷಿಸಿದ ಮೇಲೆ, ಅಂದೇ, ಕೊಡಬೇಕು. ‘ನಾಳೆ ಬಾ’ ಎನ್ನುವುದು ಅಲೆದಾಟದ ಬೆಲೆಯಿಲ್ಲದೆ ಅಲೆಸಿದಂತೆ. ರಿಪೇರಿಯನ್ನು ಮುಂದೂಡುವುದೂ ಉಳಿತಾಯವಲ್ಲ. ಸೆಕೆಂಡಿಗೊಂದು ಹನಿ ಸೋರುವ ನಲ್ಲಿಯಿಂದ ದಿನಕ್ಕೆ 86,400 ಹನಿ ಬೀಳುತ್ತವೆ. 20 ಹನಿಗೆ ಒಂದು ಮಿಲಿಲೀಟರ್ ಎಂದರೂ ನಾಲ್ಕು ಲೀಟರಿಗೆ ಮೀರಿತು. ಹಣದ ಲೆಕ್ಕದಲ್ಲಿ ಇದು ಅಲ್ಪ. ಬೇಸಗೆಯಲ್ಲಿ ಕೊಡ ಹಿಡಿದು ಸಾಲಿನಲ್ಲಿ ನಿಂತವರ ಲೆಕ್ಕದಲ್ಲಿ ಅಲ್ಪವಲ್ಲ.

ಈಚೆಗೆ ಮಹಾನಗರಗಳಲ್ಲಿ ಮೊಬೈಲಿನ ಮೂಲಕ ಕೆಲಸಗಾರರನ್ನು ಕಳುಹಿಸುವ ಕಂಪನಿಗಳು ಬಂದಿವೆ. ಪರದೆಯ ಮೇಲೆ ದರ ಮೂಡುತ್ತದೆ. ಗೃಹಸ್ಥನು ತುಟಿಪಿಟಕ್ಕೆನ್ನದೆ ಪಾವತಿಮಾಡುತ್ತಾನೆ. ಅದೇ ಕೆಲಸಗಾರ ನೇರವಾಗಿ ಬಂದು ಅದೇ ಮೊತ್ತವನ್ನು ಬಾಯಿಬಿಟ್ಟು ಕೇಳಿದರೆ ಚೌಕಾಸಿ ಆರಂಭವಾಗುತ್ತದೆ. ಅಂದಮೇಲೆ ನಮ್ಮ ತಕರಾರು ಬೆಲೆಯ ಮೇಲಲ್ಲ. ಕೇಳುವ ಬಾಯಿಯ ಮೇಲೆ. 1948ರ ಕನಿಷ್ಠ ವೇತನ ಕಾಯಿದೆಯಡಿ ಹೊರಟ ಅಧಿಸೂಚನೆಗಳು ದುಡಿಯುವವರನ್ನು ಕುಶಲ, ಅರೆಕುಶಲ, ಅಕುಶಲ ಎಂದು ವಿಂಗಡಿಸಿ ಕುಶಲತೆಗೆ ಬೇರೆ ಬೆಲೆಯುಂಟೆಂದು ಒಪ್ಪಿದುವು. ಗಂಟೆಯ ಮಟ್ಟಿಗೆ ಮನೆಗೆ ಬಂದುಹೋಗುವವನ ಪಾಲಿಗೆ ಮಾತ್ರ ಆ ಒಪ್ಪಿಗೆ ನಮ್ಮ ನಮ್ಮ ಹೊಸಿಲಿನಲ್ಲಿ ಆಗಬೇಕಾದದ್ದು.

ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ಇಂಥ ಮೇಸ್ತ್ರಿಗಳ, ಬಡಗಿಗಳ, ಎಲೆಕ್ಟ್ರಿಷಿಯನ್ನರ ಮಕ್ಕಳು. ಅವರು ಕಟ್ಟುವ ಶುಲ್ಕದಲ್ಲಿ ಯಾವುದೋ ಮನೆಯ ನಲ್ಲಿ, ಯಾವುದೋ ಮನೆಯ ಬಾಗಿಲು ಸೇರಿದೆ. ನೂರು ರೂಪಾಯಿ ಇಳಿಸಿ ಗೆದ್ದೆವೆಂದುಕೊಳ್ಳುವ ಮುನ್ನ, ಆ ನೂರು ಯಾರ ಪುಸ್ತಕದ ಬೆಲೆಯಾಗಿತ್ತೆಂದು ಮೇಷ್ಟ್ರಾದವರಾದರೂ ಯೋಚಿಸಬೇಡವೆ?